ನಿಂಬೆಹಣ್ಣು ಉರುಳಿದ ಗಳಿಗೆ

ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಕೋಣೆಯಿಂದ ಮೊದಲು ಹೊರಗೆ ಬರುತ್ತಿದ್ದುದು ಅಳುವಲ್ಲ, ನಿಂಬೆಹಣ್ಣು. ಮಗುವಿನ ತಲೆ ಕಂಡ ಕೂಡಲೇ ಒಳಗಿದ್ದ ಹೆಂಗಸು ನಿಂಬೆಹಣ್ಣೊಂದನ್ನು ಹೊಸ್ತಿಲಾಚೆಗೆ ಉರುಳಿಸಬೇಕು. ಪಡಸಾಲೆಯಲ್ಲಿ ಗಡಿಯಾರದ ಮುಂದೆ ಕೂತ ಗಂಡಸು ಅದನ್ನು ನೋಡಿ ವೇಳೆ ಬರೆದುಕೊಳ್ಳಬೇಕು. ಗಂಡಸರು ಒಳಗೆ ಬರುವ ಹಾಗಿಲ್ಲ, ಹೆಂಗಸರಿಗೆ ಗಡಿಯಾರ ನೋಡಲು ಬರುವುದಿಲ್ಲ, ಅದಕ್ಕೇ ಈ ಏರ್ಪಾಡು. ಅಪ್ಪ ಜಾತಕ ಬರೆಯುವವರು. ಮಧುಗಿರಿಯಲ್ಲಷ್ಟೇ ಅಲ್ಲ, ಪುರವರದಿಂದ, ಐ.ಡಿ.ಹಳ್ಳಿಯಿಂದ ಜನ ಗಾಡಿ ಕಟ್ಟಿಕೊಂಡು ಬಂದು ಮಕ್ಕಳ ಜಾತಕ ಬರೆಸಿಕೊಂಡು ಹೋಗುತ್ತಿದ್ದರು. ಅಂಥವರ ಮನೆಯಲ್ಲೇ ನನ್ನ ಜಾತಕ ತಪ್ಪಿತು ನೋಡಿ.

ನಾನು ಹುಟ್ಟಿದ್ದು ಧನುರ್ಮಾಸದ ಒಂದು ಬೆಳಿಗ್ಗೆ. ಆವತ್ತು ಅಪ್ಪ ಊರಲ್ಲಿರಲಿಲ್ಲ, ಪೂಜೆಗೆಂದು ಸಿದ್ದರಬೆಟ್ಟ ಹತ್ತಿದ್ದರು. ಒಳಗಿನಿಂದ ಅಜ್ಜಿ ನಿಂಬೆಹಣ್ಣು ಉರುಳಿಸಿದಳು. ಹೊರಗೆ ಕೂತಿದ್ದವರು ಚಿಕ್ಕಪ್ಪ. ಅವರು ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ‘ಹೆಣ್ಣು, ಬೆಳಿಗ್ಗೆ ಏಳು ಗಂಟೆ ಇಪ್ಪತ್ತೈದು ನಿಮಿಷ’ ಎಂದು ಬರೆದರು. ಮಾರನೆಯ ದಿನ ಅಪ್ಪ ಬೆಟ್ಟ ಇಳಿದು ಬಂದರು, ಸ್ನಾನ ಮಾಡಿದರು, ಲೆಕ್ಕಕ್ಕೆ ಕೂತರು. ಸೂರ್ಯ ಹುಟ್ಟಿದ ಮೇಲೆ ಎರಡು ಗಳಿಗೆಯವರೆಗೆ ಪುಷ್ಯ ನಕ್ಷತ್ರ, ಆಮೇಲೆ ಆಶ್ಲೇಷ. ಒಂದು ಗಳಿಗೆ ಎಂದರೆ ಇಪ್ಪತ್ತನಾಲ್ಕು ನಿಮಿಷ. ಏಳು ಇಪ್ಪತ್ತೈದಕ್ಕೆ ಎರಡು ಗಳಿಗೆ ಮುಗಿದು ಎರಡೂಮುಕ್ಕಾಲು ಆಗುತ್ತ ಬಂದಿತ್ತು. ಆಶ್ಲೇಷ ಎಂದು ಬರೆದರು. ಬರೆದ ಮೇಲೂ ಲೇಖನಿಯನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದರು ಎಂದು ಅಜ್ಜಿ ಹೇಳುತ್ತಿದ್ದಳು.

ಆಶ್ಲೇಷದ ಹೆಣ್ಣು ಅತ್ತೆಗೆ ಆಗೋದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಸೊಸೆಯಾಗಿ ಕಾಲಿಟ್ಟರೆ ಅತ್ತೆಗೆ ಕೇಡು. ಗಂಡಸು ಆಶ್ಲೇಷದಲ್ಲಿ ಹುಟ್ಟಿದರೆ ಯಾರ ಅತ್ತೆಗೂ ಏನೂ ಆಗುವುದಿಲ್ಲ! ಅದು ಹೆಂಗೆ ಎಂದು ಚಿಕ್ಕಂದಿನಲ್ಲಿ ನಾನು ಕೇಳಿದ್ದೆ. ಅಜ್ಜಿ ‘ಬಾಯ್ಮುಚ್ಚೇ’ ಎಂದಳು. ಅದಕ್ಕಿಂತ ಒಳ್ಳೆಯ ಉತ್ತರ ಇವತ್ತಿನವರೆಗೂ ಯಾರೂ ಕೊಟ್ಟಿಲ್ಲ.

ನನ್ನನ್ನು ನೋಡಲು ಬಂದವರ ಕಥೆ ಹೇಳುವಷ್ಟು ಉದ್ದವೇನಿಲ್ಲ. ಬಂದರು, ಉಪ್ಪಿಟ್ಟು ತಿಂದರು, ಜಾತಕ ಕೇಳಿದರು, ಹೋದರು. ಕೊರಟಗೆರೆಯಿಂದ ಬಂದ ಒಬ್ಬರು ಮಾತ್ರ ಎರಡು ಸಲ ಬಂದಿದ್ದರು. ಹುಡುಗ ಇಂಟರ್‌ಮೀಡಿಯೆಟ್ ಓದಿದವನು. ಎರಡನೆಯ ಸಲ ಬಂದಾಗ ‘ಭೂಗೋಳ ಓದಿದೀರಂತೆ’ ಎಂದು ನನ್ನ ಕಡೆ ನೋಡಿ ಕೇಳಿದ. ಹೂಂ ಎಂದೆ. ಅಷ್ಟೇ ನಾವಿಬ್ಬರೂ ಆಡಿದ ಮಾತು. ಅವನ ತಾಯಿ ಗಟ್ಟಿಮುಟ್ಟಾಗಿದ್ದ ಹೆಂಗಸು. ‘ನಂಗೆ ಇನ್ನೂ ಬದುಕೋ ಆಸೆ ಐತೆ ಕಣಮ್ಮ’ ಎಂದು ಅಮ್ಮನ ಹತ್ತಿರ ನೇರವಾಗಿಯೇ ಹೇಳಿ ಹೋದಳು. ಮುಂದಿನ ವರ್ಷ ಪ್ಲೇಗು ಬಂದಾಗ ತೀರಿಕೊಂಡಳು. ನಾನು ಆ ಮನೆಯ ಹೊಸ್ತಿಲು ಕೂಡ ತುಳಿದಿರಲಿಲ್ಲ. ಸುದ್ದಿ ಬಂದಾಗ ನಾನು ಅಕ್ಕಿ ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ. ಅಷ್ಟು ಹೊತ್ತಿಗೆ ನನ್ನೊಳಗೆ ಏನೋ ಮರಗಟ್ಟಿ ಹೋಗಿತ್ತು. ಕೂತು ಕೂತು ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ. ದುಃಖ ಎಂದು ಯಾರೂ ತಿಳಿಯಬೇಡಿ, ದುಃಖವಾಗಿದ್ದರೆ ಅತ್ತು ಮುಗಿಸುತ್ತಿದ್ದೆ.

ಅಪ್ಪ ನನ್ನನ್ನು ಓದಿಸಿದರು. ಅದಕ್ಕಾಗಿ ಅವರನ್ನು ಹೊಗಳಬೇಕೋ, ಇನ್ನೇನು ಮಾಡಬೇಕು ತೋಚದೆ ಓದಿಸಿದರೋ, ನನಗೆ ಗೊತ್ತಿಲ್ಲ. ಊರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನಾನು ಮೇಷ್ಟ್ರಮ್ಮನಾದೆ. ಮೂರನೆಯ ಕ್ಲಾಸಿನಿಂದ ಮೇಲಕ್ಕೆ ಲೆಕ್ಕ, ಭೂಗೋಳ ನನ್ನದು. ಭೂಮಿ ತಿರುಗುತ್ತದೆ ಎಂದು ಪುಸ್ತಕ ಓದಿ ಹೇಳಿದರೆ ಹುಡುಗಿಯರು ಆಕಳಿಸುತ್ತಿದ್ದರು. ಒಂದು ದಿನ ರೇಗಿ ಹೋಗಿ, ಸ್ಕೂಲಿನ ಹಿಂದೆ ಬಿದ್ದಿದ್ದ ಹಾರೆಯನ್ನು ತಂದು ಅಂಗಳದಲ್ಲಿ ನೆಟ್ಟಗೆ ಹೂಳಿಸಿದೆ. ‘ಬನ್ರೇ, ಮಧ್ಯಾಹ್ನ ಯಾವಾಗ ಆಗುತ್ತೆ ನೋಡೋಣ’ ಎಂದೆ. ಹಾರೆಯ ನೆರಳು ಎಲ್ಲಕ್ಕಿಂತ ಗಿಡ್ಡವಾದ ಕ್ಷಣವೇ ಮಧ್ಯಾಹ್ನ. ಸುಣ್ಣದಲ್ಲಿ ಗುರುತು ಹಾಕಿದೆವು. ಗುರುತು ಹಾಕಿ ಒಳಗೆ ಹೋಗಿ ಸ್ಕೂಲಿನ ಗಡಿಯಾರ ನೋಡಿದರೆ ಹನ್ನೆರಡೂ ಇಪ್ಪತ್ತೊಂದು.

‘ಗಡಿಯಾರ ಕೆಟ್ಟೈತೆ ಮೇಷ್ಟ್ರಮ್ಮ’ ಎಂದಳು ಒಬ್ಬಳು. ಕೆಟ್ಟಿರಲಿಲ್ಲ. ನಮ್ಮ ಗಡಿಯಾರವನ್ನು ಪ್ರತಿ ಸೋಮವಾರ ತಂತಿ ಕಚೇರಿಯ ಗಡಿಯಾರ ನೋಡಿ ತಿರುಗಿಸುತ್ತಿದ್ದೆವು. ತಂತಿ ಕಚೇರಿಗೆ ಗಂಟೆ ಎಲ್ಲಿಂದಲೋ ತಂತಿಯಲ್ಲೇ ಬರುತ್ತಿತ್ತು. ದೇಶಕ್ಕೆಲ್ಲ ಒಂದೇ ಗಂಟೆ ಇರಲಿ, ಇಲ್ಲದಿದ್ದರೆ ರೈಲುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ಅಲಹಾಬಾದಿನ ಕಡೆ ಹಾದುಹೋಗುವ ಒಂದು ರೇಖೆಯನ್ನು ಹಿಡಿದು ಸರ್ಕಾರ ಗಂಟೆ ಗೊತ್ತು ಮಾಡಿತ್ತು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಆ ರೇಖೆಗಿಂತ ನಾವು ಐದು ಡಿಗ್ರಿ ಚಿಲ್ಲರೆ ಪಶ್ಚಿಮಕ್ಕಿದ್ದೇವೆ. ಹಾಗಾಗಿ ಅಲ್ಲಿ ಆದ ಮಧ್ಯಾಹ್ನ ನಮ್ಮ ಊರಿಗೆ ಬಂದು ಮುಟ್ಟಲು ಇಪ್ಪತ್ತೊಂದು ನಿಮಿಷ. ಇಲ್ಲಿಂದ ಅದು ಸಿರಾಕ್ಕೆ ಹೋಗಲು ಇನ್ನೊಂದು ನಿಮಿಷ ಚಿಲ್ಲರೆ. ಸಿರಾ ಎಂದರೆ ಎತ್ತಿನ ಗಾಡಿಗೆ ಇಡೀ ದಿನದ ದಾರಿ, ಮಧ್ಯಾಹ್ನಕ್ಕೆ ಒಂದೇ ನಿಮಿಷ. ಹುಡುಗಿಯರ ಆಕಳಿಕೆ ಅಲ್ಲಿಗೆ ನಿಂತಿತು. ‘ಹಂಗಾದ್ರೆ ಮಧ್ಯಾಹ್ನ ಈಗ ಸಿರಾದ ದಾರೀಲಿ ಓಡ್ತಾ ಐತಾ?’ ಎಂದು ಒಬ್ಬಳು ಬಾಗಿಲಿಗೇ ಓಡಿದಳು.

ಅದು ಧನುರ್ಮಾಸದ ನಡುವೆ ಹಾಕಿದ ಗುರುತು. ಆಟ ಬಿಡಬಾರದೆಂದು ವರ್ಷವೆಲ್ಲ ಗುರುತು ಹಾಕಿಸಿದೆ. ಆಮೇಲೆ ಆದದ್ದು ನನಗೇ ಆಶ್ಚರ್ಯ. ಇಪ್ಪತ್ತೊಂದು ನಿಮಿಷ ಇಪ್ಪತ್ತೊಂದಾಗಿಯೇ ಉಳಿಯಲಿಲ್ಲ. ಶಿವರಾತ್ರಿ ಹತ್ತಿರ ಬಂದಾಗ ಮೂವತ್ತೈದಾಯಿತು. ದೀಪಾವಳಿಯ ಹೊತ್ತಿಗೆ ಇಳಿದು ಇಳಿದು ಐದು ನಿಮಿಷಕ್ಕೆ ಬಂತು. ಸೂರ್ಯನೇ ತಡವಾಗಿ ಬರುತ್ತಾನೆ, ಬೇಗ ಬರುತ್ತಾನೆ! ನಮ್ಮ ಹುಡುಗಿಯರು ತಡವಾಗಿ ಬಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ, ಇವನನ್ನು ಎಲ್ಲಿ ನಿಲ್ಲಿಸಲಿ? ದೊಡ್ಡ ಪುಸ್ತಕ ತರಿಸಿ ಓದಿದೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಸರಿಯಾದ ದುಂಡಲ್ಲವಂತೆ, ಹತ್ತಿರ ಹೋದಾಗ ಜೋರಾಗಿ, ದೂರವಾದಾಗ ನಿಧಾನವಾಗಿ ಸಾಗುತ್ತದಂತೆ, ಸಾಲದ್ದಕ್ಕೆ ಓರೆಯಾಗಿ ನಿಂತು ತಿರುಗುತ್ತದಂತೆ. ಗಡಿಯಾರದ ದಿನ ಎಂಬುದು ವರ್ಷದ ಎಲ್ಲಾ ದಿನಗಳ ಸರಾಸರಿ ಮಾತ್ರ. ಆ ನಿಮಿಷಗಳನ್ನೆಲ್ಲ ತಿಂಗಳುವಾರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಯಾತಕ್ಕೆ ಎಂದು ನನಗೂ ಗೊತ್ತಿರಲಿಲ್ಲ. ಬೇರೆ ಹೆಂಗಸರಿಗೆ ಮಕ್ಕಳು ಎಷ್ಟೆಷ್ಟು ಎತ್ತರ ಬೆಳೆದರು ಎಂದು ಗೋಡೆಯ ಮೇಲೆ ಗೀರು ಹಾಕುವ ಕೆಲಸವಿತ್ತು, ನನಗೆ ಇದಿತ್ತು.

ಮನೆಯಲ್ಲಿ ಅಪ್ಪನ ಗಡಿಯಾರವೇ ಬೇರೆ. ಹಿತ್ತಲಲ್ಲಿ ಅವರದೂ ಒಂದು ಗೂಟವಿತ್ತು, ಅವರ ತಂದೆ ನೆಟ್ಟದ್ದು. ದಿನಾ ಅದರ ನೆರಳು ಗಿಡ್ಡವಾದ ಹೊತ್ತಿಗೆ ಪಡಸಾಲೆಯ ಗಡಿಯಾರದ ಮುಳ್ಳನ್ನು ಹನ್ನೆರಡಕ್ಕೆ ತಂದು ನಿಲ್ಲಿಸುತ್ತಿದ್ದರು. ಅದು ಸೂರ್ಯನ ಗಂಟೆ. ಚಿಕ್ಕಪ್ಪನದು ಸರ್ಕಾರದ ಗಂಟೆ. ಅವರು ತಂತಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕೋಟಿನ ಜೇಬಿನಲ್ಲಿ ಸರಪಳಿ ಹಾಕಿದ ವಾಚು. ಅಣ್ಣನ ಗಡಿಯಾರದ ಕಡೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಒಂದೇ ಮನೆಯಲ್ಲಿ ಎರಡು ಗಂಟೆ ನಡೆಯುತ್ತಿತ್ತು. ಊಟಕ್ಕೆ ಏಳುವಾಗ ಚಿಕ್ಕಪ್ಪ ಒಂದು ಹೇಳುವುದು, ಅಪ್ಪ ಒಂದು ಹೇಳುವುದು, ಅಮ್ಮ ಸಾರು ಕುದ್ದಾಗ ಬಡಿಸುವುದು. ಅದನ್ನು ನಾವೆಲ್ಲ ತಮಾಷೆಯೆಂದೇ ತಿಳಿದಿದ್ದೆವು.

ಆಗ ಯುದ್ಧ ಬಂತು. ಯುದ್ಧ ನಡೆಯುತ್ತಿದ್ದದ್ದು ಎಲ್ಲೋ, ಆದರೆ ಅದು ನಮ್ಮ ಗಡಿಯಾರದ ಮೇಲೂ ಬಂತು. ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕು ಎಂದು ಸರ್ಕಾರದ ಹುಕುಂ. ಬೆಳಕಿರುವಾಗಲೇ ಕೆಲಸ ಮುಗಿಯಲಿ ಎಂದು ಹಾಗೆ ಮಾಡಿದರಂತೆ. ಊರೆಲ್ಲ ಗಲಿಬಿಲಿ. ‘ಹೊಟ್ಟೆ ಹಸಿಯೋದಕ್ಕೂ ಆರ್ಡರ್ ಹಾಕ್ತಾರೇನ್ಲಾ?’ ಎಂದು ಹೋಟೆಲಿನ ಮುಂದೆ ನಗೆಯೋ ನಗೆ. ಸಿರಾದಿಂದ ಅತ್ತರು ಮಾರಲು ಬರುತ್ತಿದ್ದ ಸಾಹೇಬರು ‘ನಮ್ ನಮಾಜಿಗೆ ಸೂರ್ಯ ಸಾಕು ಕಣಮ್ಮ, ಮಿಕ್ಕಿದ್ದೆಲ್ಲಾ ಬೇಕಾರ್’ ಎಂದು ಪೆಟ್ಟಿಗೆ ಎತ್ತಿಕೊಂಡರು.

ಆವತ್ತು ಚಿಕ್ಕಪ್ಪ ಕುರ್ಚಿ ಹತ್ತಿ ಪಡಸಾಲೆಯ ಗಡಿಯಾರದ ಬಾಗಿಲು ತೆಗೆದರು. ಅಪ್ಪ ‘ಕೈ ತೆಗೀ’ ಎಂದರು.

‘ಸರ್ಕಾರದ ಹುಕುಂ ಇದೆ ಅಣ್ಣ.’

‘ಸರ್ಕಾರ ಸೂರ್ಯನಿಗೆ ಹುಕುಂ ಮಾಡ್ತಾ? ಇಳಿಯೋ ಕೆಳಗೆ.’

ಚಿಕ್ಕಪ್ಪನಿಗೆ ಸಿಟ್ಟು ಬಂತು. ‘ಇಟ್ಕೋ ನಿನ್ನ ಸೂರ್ಯನ್ನ! ನಾನು ಈ ಡಬ್ಬ ನೋಡಿ ಬದುಕಿದೋನಲ್ಲ. ಇವಳು ಹುಟ್ಟಿದ ದಿನ ನಿನ್ನ ಗಡಿಯಾರದ ಕೆಳಗೇ ಕೂತಿದ್ದೆ, ಆದರೂ ನನ್ನ ವಾಚು ನೋಡಿಯೇ ಬರೆದೆ!’

ನಾನು ಇಬ್ಬರಿಗೂ ಮಜ್ಜಿಗೆ ತಂದಿದ್ದೆ. ಲೋಟಗಳನ್ನು ಕೆಳಗಿಟ್ಟೆ. ಚೆಲ್ಲಲಿಲ್ಲ. ಅಪ್ಪ, ಚಿಕ್ಕಪ್ಪ ಜಗಳ ಮುಂದುವರಿಸಿದರು. ತಾವು ಏನು ಆಡಿದೆವು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಲೆಕ್ಕದ ಮೇಷ್ಟ್ರಮ್ಮನಿಗೆ ಗೊತ್ತಾಯಿತು.

ಒಳಗೆ ಹೋಗಿ ಹಳೆಯ ಪಂಚಾಂಗದ ಕಟ್ಟು ಬಿಚ್ಚಿದೆ. ಪೆನ್ಸಿಲಿನ ಗುರುತು ಮಾಸಿತ್ತು, ಓದಲು ಬರುತ್ತಿತ್ತು. ಏಳು ಇಪ್ಪತ್ತೈದು. ಅದು ತಂತಿ ಕಚೇರಿಯ ಏಳು ಇಪ್ಪತ್ತೈದು. ಅಪ್ಪ ಅದನ್ನು ಪಡಸಾಲೆಯ ಗಡಿಯಾರದ್ದು ಎಂದುಕೊಂಡಿದ್ದರು, ಬೇರೆ ಗಡಿಯಾರ ಅವರ ಮನಸ್ಸಿಗೇ ಬರುವಂತಿರಲಿಲ್ಲ. ನನ್ನ ನೋಟ್‌ಬುಕ್ ತೆಗೆದೆ. ಧನುರ್ಮಾಸದ ನಡು, ಇಪ್ಪತ್ತೊಂದು ನಿಮಿಷ. ಕಳೆದೆ. ಸೂರ್ಯನ ಏಳೂ ನಾಲ್ಕಕ್ಕೆ ನಾನು ಹುಟ್ಟಿದ್ದು. ಆವತ್ತು ಸೂರ್ಯ ಹುಟ್ಟಿದ್ದು ಆರೂ ಇಪ್ಪತ್ತಕ್ಕೆ. ನಲವತ್ತನಾಲ್ಕು ನಿಮಿಷ. ಎರಡು ಗಳಿಗೆಗೆ ಇನ್ನೂ ನಾಲ್ಕು ನಿಮಿಷ ಬಾಕಿ. ಪುಷ್ಯ!

ಪುಷ್ಯ ಬಹಳ ಒಳ್ಳೆಯ ನಕ್ಷತ್ರ. ಯಾರ ಅತ್ತೆಗೂ ಏನೂ ಮಾಡುವುದಿಲ್ಲ.

ನನಗೆ ಏನನ್ನಿಸಿತು ಎಂದು ಓದುವವರು ಕೇಳಬಹುದು. ಏನೂ ಅನ್ನಿಸಲಿಲ್ಲ. ಲೆಕ್ಕವನ್ನು ಇನ್ನೊಂದು ಸಲ ಮಾಡಿ ನೋಡಿದೆ, ಸರಿಯಾಗಿತ್ತು. ಹುಡುಗಿಯರ ಲೆಕ್ಕ ತಿದ್ದುವಾಗ ಹಾಕುವ ಹಾಗೆ ಪಕ್ಕದಲ್ಲಿ ಸರಿ ಗುರುತು ಹಾಕಿದೆ. ಆಗ ನನಗೆ ಮೂವತ್ತು ದಾಟಿತ್ತು.

ಅಪ್ಪನಿಗೆ ಹೇಳಬಾರದು ಎಂದುಕೊಂಡಿದ್ದೆ. ವಯಸ್ಸಾದವರು, ಗೊತ್ತಾಗಿ ಆಗಬೇಕಾದ್ದೇನು? ಆದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಒಂದು ಬೆಳಿಗ್ಗೆ ಅವರು ಹಿತ್ತಲಲ್ಲಿ ಸೂರ್ಯನಿಗೆ ಕೈಮುಗಿದು ‘ಇವನೊಬ್ಬ ತಪ್ಪಲ್ಲ ನೋಡು’ ಎಂದರು. ನನಗೆ ಎಲ್ಲಿತ್ತೋ ಕೋಪ.

‘ತಪ್ಪುತ್ತಾನೆ ಅಪ್ಪ. ಈಗ ನೀವು ಕೈಮುಗಿದಾಗ ಅವನು ಇನ್ನೂ ಹುಟ್ಟೇ ಇರಲಿಲ್ಲ. ನೀರಲ್ಲಿ ಅದ್ದಿದ ಕೋಲು ಬಗ್ಗಿದ ಹಾಗೆ ಕಾಣಲ್ವೇ, ಹಾಗೆ ಗಾಳಿ ಬೆಳಕನ್ನ ಬಗ್ಗಿಸಿ, ಕೆಳಗಿರೋನನ್ನ ಮೇಲಿರೋ ಹಾಗೆ ತೋರಿಸುತ್ತೆ. ಆ ಬೆಳಕಾದರೂ ಈಗಿನದಾ? ಅವನನ್ನ ಬಿಟ್ಟು ಎಂಟು ನಿಮಿಷ ಆಗಿದೆ. ನಿಮ್ಮ ಪುಷ್ಯ ನಕ್ಷತ್ರದ ಬೆಳಕು ಇದೆಯಲ್ಲ, ಅದು ಅಲ್ಲಿಂದ ಹೊರಟಾಗ ನಿಮ್ಮ ತಂದೆಯೇ ಹುಟ್ಟಿರಲಿಲ್ಲ. ಅಷ್ಟು ಹಳೇ ಬೆಳಕು ಬಂದು ಕೊರಟಗೆರೆಯ ಅತ್ತೆಯನ್ನ ಸಾಯಿಸುತ್ತಾ?’

ಅಪ್ಪ ನಕ್ಕರು. ‘ಪುಷ್ಯ ಯಾಕೆ ಬಂತು? ನಿನ್ನದು ಆಶ್ಲೇಷ’ ಎಂದರು.

ಆಗ ಹೇಳಿದೆ. ನೋಟ್‌ಬುಕ್ ತಂದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತರು. ನನ್ನ ಲೆಕ್ಕ ನೋಡಲಿಲ್ಲ, ತಮ್ಮ ಹಲಗೆ ತೆಗೆದುಕೊಂಡು ತಾವೇ ಮೊದಲಿಂದ ಮಾಡಿದರು. ಒಮ್ಮೆ ಮಾಡಿ ಅಳಿಸಿದರು, ಇನ್ನೊಮ್ಮೆ ಮಾಡಿದರು. ಹಣೆಯ ವಿಭೂತಿ ಒರೆಸಿ ಹೋಗುವಷ್ಟು ಹಣೆ ಉಜ್ಜಿಕೊಂಡರು. ಬಿಸಿಲು ಜಗಲಿಗೆ ಬಂದರೂ ಏಳಲಿಲ್ಲ.

‘ಪುಷ್ಯ’ ಎಂದರು ಕೊನೆಗೆ. ಹಲಗೆ ಪಕ್ಕಕ್ಕಿಟ್ಟು, ‘ಹೊಸದು ಬರೆದುಕೊಡ್ತೀನಿ ಕೂಸೇ.’

‘ಬರೆದು? ಉಪ್ಪಿನಕಾಯಿ ಹಾಕಲಾ ಅದನ್ನ?’ ಎಂದೆ.

ಅಂಥ ಮಾತು ಆಡಬಾರದಿತ್ತು. ಆವತ್ತು ಅವರು ಊಟ ಮಾಡಲಿಲ್ಲ. ನಾನು ಮಾಡಿದೆ, ಸ್ಕೂಲಿಗೆ ಹೊತ್ತಾಗುತ್ತಿತ್ತು.

ಇದಾದ ಮೇಲೆ ಅಪ್ಪ ಹುಟ್ಟಿದ ವೇಳೆ ಹೇಳಿ ಬಂದವರನ್ನೆಲ್ಲ ‘ಯಾವ ಗಡಿಯಾರ? ತಂತಿಯದ? ನೆರಳಿನದ? ಯುದ್ಧದ ಗಂಟೆಯಾ?’ ಎಂದು ವಿಚಾರಿಸತೊಡಗಿದರು. ನನ್ನ ನೋಟ್‌ಬುಕ್ ಅವರ ಪಂಚಾಂಗದ ಕಟ್ಟಿನೊಳಗೆ ಸೇರಿಕೊಂಡಿತು. ಅವರ ಲೆಕ್ಕ ಅಷ್ಟು ಸರಿಯಾಗಿ ಹಿಂದೆಂದೂ ಇರಲಿಲ್ಲ. ಗಡಿಯಾರ ಸರಿಯಾದರೆ ಎಲ್ಲ ಸರಿಹೋಗುತ್ತದೆ ಎಂದು ನಾನೂ ಒಂದಷ್ಟು ದಿನ ನಂಬಿದ್ದೆ. ಓದಿದವರ ದಡ್ಡತನ ಅದು.

ಯುದ್ಧದ ಗಂಟೆ ಇನ್ನೂ ನಡೆಯುತ್ತಿದ್ದಾಗಲೇ ನನ್ನ ತಮ್ಮನ ಹೆಂಡತಿ ಬಸುರಿಯಾದಳು. ಪಾವಗಡದ ಹುಡುಗಿ. ತಾಯಿ ಇಲ್ಲದವಳಾದ್ದರಿಂದ ಹೆರಿಗೆ ನಮ್ಮ ಮನೆಯಲ್ಲೇ ಎಂದಾಯಿತು. ನಮ್ಮ ಅಮ್ಮನೂ ಅಷ್ಟು ಹೊತ್ತಿಗೆ ತೀರಿಕೊಂಡಿದ್ದಳು. ಕೋಣೆಯೊಳಗಿರಲು ಮನೆಯ ಹೆಂಗಸು ಎಂದರೆ ನಾನೊಬ್ಬಳೇ. ಒಂದು ಬೆಳಿಗ್ಗೆ ಹಸು ಕರೆಯುವ ಹೊತ್ತಿಗೆ ನೋವು ಶುರುವಾಯಿತು. ತಮ್ಮ ಪುರವರದ ಕಡೆಯ ಸೂಲಗಿತ್ತಿಯನ್ನು ಕರೆತಂದ. ಅಪ್ಪ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಪಡಸಾಲೆಯಲ್ಲಿ ಗಡಿಯಾರದ ಮುಂದೆ ಕೂತರು. ನಾನು ನಿಂಬೆಹಣ್ಣು ತೆಗೆದುಕೊಳ್ಳಲು ಹೋದಾಗ ಅವರೇ ಕರೆದರು.

‘ಒಂಬತ್ತೂ ಮುಕ್ಕಾಲಿನವರೆಗೆ ಪುಷ್ಯ. ಆಮೇಲೆ…’ ಎಂದು ನಿಲ್ಲಿಸಿದರು.

‘ಆಮೇಲೆ ಏನು ಅಂತ ನನಗೆ ಗೊತ್ತು ಅಪ್ಪ’ ಎಂದೆ.

ಈ ಸಲ ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ. ಗೂಟದ ನೆರಳಿಗೆ ಸರಿಯಾಗಿ ಇಟ್ಟ ಗಡಿಯಾರ, ನನ್ನದೇ ನೋಟ್‌ಬುಕ್ಕು. ಸರಿಯಾದ ಲೆಕ್ಕವೇ ಈ ಮಗುವನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು. ಹುಟ್ಟುವುದು ಗಂಡಾದರೆ ಯಾರಿಗೂ ಏನೂ ಇಲ್ಲ. ಹೆಣ್ಣಾದರೆ, ಹದಿನಾರು ವರ್ಷ ಬಿಟ್ಟು ಯಾವಳೋ ಒಬ್ಬಳು ಉಪ್ಪಿಟ್ಟು ತಿಂದು ಕೈತೊಳೆದು ‘ನಂಗೆ ಬದುಕೋ ಆಸೆ ಐತೆ ಕಣಮ್ಮ’ ಎನ್ನುತ್ತಾಳೆ. ಇದು ಅಕ್ಕಿ ಆರಿಸುತ್ತ ಕೂರುತ್ತದೆ.

ಕೋಣೆಯ ಬಾಗಿಲ ಸಂದಿಯಲ್ಲಿ ಗಡಿಯಾರ ಕಾಣುತ್ತಿತ್ತು. ಎಂಟು ಹೊಡೆಯಿತು, ಒಂಬತ್ತು ಹೊಡೆಯಿತು. ಹುಡುಗಿ ನನ್ನ ಕೈ ಹಿಡಿದು ‘ನಾ ವಲ್ಲ ಕಾದು ಅಕ್ಕಾ, ನಾ ವಲ್ಲ ಕಾದು’ ಎನ್ನುತ್ತಿದ್ದಳು. ಕೈಲಾಗಲ್ಲ ಎಂದು, ನೋವಿನಲ್ಲಿ ಅವಳಿಗೆ ತೆಲುಗೇ ಬಾಯಿಗೆ ಬರುತ್ತಿತ್ತು. ಆಗುತ್ತೆ ಆಗುತ್ತೆ ಎಂದು ನಾನು. ಒಂಬತ್ತೂವರೆಯ ಒಂದು ಗಂಟೆ ಹೊಡೆಯಿತು. ‘ಇನ್ನೂ ಎಷ್ಟು ಹೊತ್ತವ್ವಾ?’ ಎಂದು ಸೂಲಗಿತ್ತಿಯನ್ನು ಪಿಸುಮಾತಿನಲ್ಲಿ ಕೇಳಿದೆ.

‘ಬತ್ತಾ ಐತೆ. ಅವಸರ ಮಾಡಿದ್ರೆ ಆಯ್ತದಾ? ಒಂದ್ ಕಾಲು ಗಂಟೆ, ಇಪ್ಪತ್ ನಿಮಿಷ ಅನ್ನಿ.’

ಮುಳ್ಳು ಒಂಬತ್ತೂ ನಲವತ್ಮೂರಕ್ಕೆ ಬಂತು. ತಲೆ ಇನ್ನೂ ಕಂಡಿರಲಿಲ್ಲ. ನನ್ನ ಕೈಯಲ್ಲಿ ನಿಂಬೆಹಣ್ಣು ಬಿಸಿಯಾಗಿತ್ತು. ನಾನು ಸುಳ್ಳು ಹೇಳುವವಳಲ್ಲ, ಒಂದು ನಿಮಿಷ ತಪ್ಪಾಗಿ ಬರೆದ ಹುಡುಗಿಗೆ ಸೊನ್ನೆ ಹಾಕುವವಳು. ಬಗ್ಗಿ ನಿಂಬೆಹಣ್ಣನ್ನು ಹೊಸ್ತಿಲಾಚೆಗೆ ಉರುಳಿಸಿಬಿಟ್ಟೆ.

ಸೂಲಗಿತ್ತಿ ತಲೆ ಎತ್ತಿದಳು. ನನ್ನನ್ನು ನೋಡಿದಳು, ಹೊಸ್ತಿಲನ್ನು ನೋಡಿದಳು. ನನ್ನ ವಿಷಯ ಊರಿಗೆಲ್ಲ ಗೊತ್ತಿತ್ತಲ್ಲ, ಅವಳಿಗೂ ಗೊತ್ತಿತ್ತು. ‘ಅಯ್ಯೋ ನನ್ನವ್ವಾ, ಇಂಗಾ ಮಾಡೋದು!’ ಎಂದು ಗೊಣಗಿದಳು. ಹೊರಗೆ ಅಪ್ಪ ‘ಬಂತಾ?’ ಎಂದು ಕೂಗಿದರು.

ನಾನು ಬಾಯಿ ತೆರೆಯುವ ಮುಂಚೆ ಅವಳೇ ಕೂಗಿದಳು. ‘ತಲೆ ಬಂತು ಬುದ್ಧೀ! ಹೆಗಲು ಸಿಕ್ಕಂಡೈತೆ, ವಸಿ ತಡೀರಿ!’

ತಲೆ ಬಂದು ಹೆಗಲು ಸಿಕ್ಕಿಕೊಂಡರೆ ಏನು ಎಂದು ಹೊರಗಿದ್ದವರಿಗೂ ಗೊತ್ತು. ತಮ್ಮ ‘ಶಿವಾ ಶಿವಾ’ ಎನ್ನುತ್ತಿದ್ದ. ಒಳಗೆ ಹುಡುಗಿಯ ಚೀರಾಟ. ಸಂದಿಯಲ್ಲಿ ನೋಡಿದೆ. ಅಪ್ಪ ಗಡಿಯಾರ ಬಿಟ್ಟು ಎದ್ದಿದ್ದರು, ಹೊಸ್ತಿಲ ಹತ್ತಿರ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಏನೂ ಆಗಿಲ್ಲ ಅಪ್ಪ, ಮಗು ಇನ್ನೂ ಬಂದೇ ಇಲ್ಲ ಎಂದು ಕೂಗಿಬಿಡೋಣ ಅನ್ನಿಸಿತು. ಹಲ್ಲು ಕಚ್ಚಿ ಹುಡುಗಿಯ ಬೆನ್ನು ಒತ್ತುತ್ತ ಕೂತೆ. ಗಡಿಯಾರ ಒಂಬತ್ತೂ ಮುಕ್ಕಾಲು ದಾಟಿತು. ನಲವತ್ತೊಂಬತ್ತಕ್ಕೆ ತಲೆ ಬಂತು, ಅದರ ಹಿಂದೆಯೇ ಹೆಗಲು, ಎಲ್ಲಾ. ಸೂಲಗಿತ್ತಿ ಕಾಲು ಹಿಡಿದೆತ್ತಿ ಬೆನ್ನಿಗೆ ಒಂದೇಟು ಕೊಟ್ಟಳು. ಊರಿಗೇ ಕೇಳುವ ಹಾಗೆ ಅತ್ತಿತು.

‘ಹೆಣ್ಣು’ ಎಂದಳು. ಕೈ ಒರೆಸಿಕೊಳ್ಳುತ್ತ ನನ್ನ ಕಿವಿಯ ಹತ್ತಿರ ಬಂದು, ‘ನಂಗೂ ಮೂರು ಹೆಣ್ಮಕ್ಳವ್ರೆ ಮೇಷ್ಟ್ರಮ್ಮ. ನಾನೇನೂ ಕಂಡಿಲ್ಲ’ ಎಂದಳು.

ಮಗುವನ್ನು ತೊಳೆದು ಬಟ್ಟೆಯಲ್ಲಿ ಸುತ್ತಿ ನಾನೇ ಹೊಸ್ತಿಲ ತನಕ ತಂದು ತೋರಿಸಿದೆ. ತಮ್ಮ ನೋಡಿ ಕಣ್ಣೊರೆಸಿಕೊಂಡು ಬೀದಿಗೆ ಓಡಿದ. ಅಪ್ಪ ನೋಡಿದರು. ಕಾಗದದಲ್ಲಿ ಅವರು ಬರೆದುಕೊಂಡಿದ್ದು ಕಾಣುತ್ತಿತ್ತು, ಒಂಬತ್ತು ಗಂಟೆ ನಲವತ್ತಮೂರು ನಿಮಿಷ.

‘ಪುಷ್ಯ’ ಎಂದರು.

‘ಹೂಂ ಅಪ್ಪ.’

‘ಕೂದಲು ಒದ್ದೆ ಇದೆ ಇನ್ನೂ’ ಎಂದು ಬಗ್ಗಿ ಮಗುವಿನ ತಲೆಯನ್ನು ನೋಡಿದರು. ಜೀವಮಾನವೆಲ್ಲ ನಿಂಬೆಹಣ್ಣಿಗೂ ಅಳುವಿಗೂ ನಡುವೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕಂಡವರು ಅವರು. ಸಿಕ್ಕಿಕೊಂಡ ಮಗು ನೀಲಿಗಟ್ಟುತ್ತದೆ ಎಂದೂ ಗೊತ್ತು. ಇದು ಹಣ್ಣಿನ ಹಾಗೆ ಕೆಂಪಗಿತ್ತು. ಅವರು ಗಡಿಯಾರವನ್ನು ನೋಡಿದರು, ನನ್ನ ಮುಖ ನೋಡಿದರು. ಬೇರೆ ಏನಾದರೂ ಬರೆಯುತ್ತಾರೇನೋ ಎಂದು ನಾನು ಅವರ ಲೇಖನಿಯನ್ನೇ ನೋಡಿದೆ. ಅವರು ಬರೆದ ಕಾಗದವನ್ನು ಮಡಚಿ ಪಂಚಾಂಗದೊಳಗಿಟ್ಟರು. ಗಡಿಯಾರದ ಕೆಳಗೆ ಹೋಗಿ ಬಿದ್ದಿದ್ದ ನಿಂಬೆಹಣ್ಣನ್ನು ಕಷ್ಟಪಟ್ಟು ಬಗ್ಗಿ ಎತ್ತಿಕೊಂಡು, ಪಂಚೆಗೆ ಒರೆಸಿ ನನ್ನ ಕೈಗೆ ಕೊಟ್ಟರು.

‘ಆರು ನಿಮಿಷ ಜೀವ ಹೋಗಿತ್ತು ಕೂಸೇ ನನಗೆ’ ಎಂದರು. ಆಮೇಲೆ ದನಿ ತಗ್ಗಿಸಿ, ‘ಹೋಗಲಿ ಬಿಡು. ನಿನಗೂ ಯಾರಾದರೂ ಇಷ್ಟು ಮಾಡಬೇಕಿತ್ತು. ನಿನ್ನ ಜಾತಕ ಬರೆದ ದಿನ ಲೇಖನಿ ನ‌ನ್ನ ಕೈಯಲ್ಲೇ ಇತ್ತಲ್ಲ’ ಎಂದರು.

ಕೊರಟಗೆರೆಯವರು ಹೋದಾಗ ಬರದ ಅಳು, ಲೆಕ್ಕದಲ್ಲಿ ಪುಷ್ಯ ಬಂದಾಗ ಬರದ ಅಳು, ಆಗ ಬಂತು. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ನಿಂಬೆಹಣ್ಣು, ಕಣ್ಣೊರೆಸಿಕೊಳ್ಳಲು ನನಗೆ ಕೈಯೇ ಇರಲಿಲ್ಲ. ಅಪ್ಪ ತಮ್ಮ ಅಂಗವಸ್ತ್ರದ ತುದಿಯಿಂದ ನನ್ನ ಮುಖ ಒರೆಸಿದರು.